ಮಳೆಯಲ್ಲಿ ಏರುವ ಎಸ್‌ಡಬ್ಲ್ಯೂಆರ್: ಮನೆಯಲ್ಲೇ ಎರಕ ಹೊಯ್ದ ಇನ್ಸುಲೇಟರ್‌ಗೆ ಯಾವ ವಸ್ತು ಸೂಕ್ತ?

ಸೋಮವಾರಪೇಟೆ_40:
ಎಲ್ಲರಿಗೂ ನಮಸ್ಕಾರ. ತೋಟದ ಎರಡು ಸಿಲ್ವರ್ ಓಕ್ ಮರಗಳ ನಡುವೆ ಹವ್ಯಾಸಿ ರೇಡಿಯೊದ 40 ಮೀಟರ್ ಬ್ಯಾಂಡಿನ ಡೈಪೋಲ್ (ತಂತಿಯ ಆಂಟೆನಾ) ಕಟ್ಟಿದ್ದೇನೆ. ಇನ್ಸುಲೇಟರ್‌ಗಳನ್ನು ನಾನೇ ಎಪಾಕ್ಸಿ ರಾಳದಲ್ಲಿ ಎರಕ ಹೊಯ್ದಿದ್ದೇನೆ. ಬೇಸಿಗೆಯಲ್ಲಿ 7.1 ಮೆಗಾಹರ್ಟ್ಸ್‌ನಲ್ಲಿ 1.3 ಇದ್ದ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆಂಬುದರ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು), ಮುಂಗಾರು ಹಿಡಿದ ಮೇಲೆ 2.5 ದಾಟುತ್ತಿದೆ, ಮಳೆ ನಿಂತ ಮರುದಿನವೂ ಅದು ಪೂರ್ತಿ ಇಳಿಯುವುದಿಲ್ಲ. ಎಪಾಕ್ಸಿ ನೀರು ಹೀರುವುದಿಲ್ಲವೆಂದು ನಂಬಿ ಇಷ್ಟು ಶ್ರಮಪಟ್ಟ ಮೇಲೆ ಹೀಗಾದರೆ ಏನು ಮಾಡಬೇಕು? ಪಾಲಿಯೆಸ್ಟರ್ ರಾಳಕ್ಕೆ ಬದಲಿಸಲೇ? ದಯವಿಟ್ಟು ಅಂಗಡಿಯ ಪಿಂಗಾಣಿ ಇನ್ಸುಲೇಟರ್ ಕೊಳ್ಳಿ ಎನ್ನಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ನಮ್ಮ ಕಡೆಯ ರಸ್ತೆಗಳೂ ಫೋನುಗಳೂ ಒಟ್ಟಿಗೇ ಕೈಕೊಟ್ಟದ್ದನ್ನು ಕಂಡವನಾದ್ದರಿಂದ, ಹತ್ತಿರ ಸಿಗುವ ಸಾಮಗ್ರಿಯಲ್ಲೇ ಇವನ್ನು ಮಾಡಿಕೊಳ್ಳಲು ಕಲಿಯಲೇಬೇಕೆಂಬುದು ನನ್ನ ನಿಶ್ಚಯ.

ಮಡಿಕೇರಿ_ಮಂಜು:
ಇದು ಇನ್ಸುಲೇಟರ್‌ನ ದೋಷವಲ್ಲ ಸರ್, ರೇಡಿಯೊದಿಂದ ಡೈಪೋಲ್‌ಗೆ ಹೋಗುವ ಕೇಬಲ್‌ಗೆ, ಅಂದರೆ ಕೋಆಕ್ಸ್‌ಗೆ, ನೀರು ಇಳಿದಿದೆ. ಮೇಲಿನ ತುದಿಯಲ್ಲಿ ಒಂದು ಕೂದಲೆಳೆಯಷ್ಟು ಸಂದು ಇದ್ದರೂ ಒಳಗಿನ ತಾಮ್ರದ ಹೆಣಿಗೆ ಬತ್ತಿಯ ಹಾಗೆ ನೀರನ್ನು ಎಳೆದುಕೊಳ್ಳುತ್ತದೆ. ಒಳಹೊಕ್ಕ ನೀರು ಬಿಸಿಲಿಗೂ ಸುಲಭವಾಗಿ ಹೋಗುವುದಿಲ್ಲ. ನೀವು ಹೇಳಿದ ಲಕ್ಷಣಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಸೋಮವಾರಪೇಟೆ_40:
ಜೋಡಣೆಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿದ್ದೇನೆ. ಡೈಪೋಲ್ ಕಳಚಿ, ಕೋಆಕ್ಸ್‌ನ ಮೇಲಿನ ತುದಿಗೆ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲು ಇಡುವ ರೆಸಿಸ್ಟರ್) ಕೂರಿಸಿ ಮಳೆಯಲ್ಲೇ ಅಳೆದೆ, 1.1 ತೋರಿಸಿತು.

ಮಡಿಕೇರಿ_ಮಂಜು:
ಅದರಿಂದ ಏನೂ ಸಾಬೀತಾಗುವುದಿಲ್ಲ. ನೀರು ಕುಡಿದ ಕೋಆಕ್ಸ್‌ನಲ್ಲಿ ನಷ್ಟ ಹೆಚ್ಚಾಗಿ, ಎಸ್‌ಡಬ್ಲ್ಯೂಆರ್ ಚೆನ್ನಾಗಿಯೇ ಕಾಣುತ್ತದೆ.

ನಾಪೋಕ್ಲು_ತಂತಿ:
ಮಂಜು ಅವರೇ, ನಿಮ್ಮ ಮಾತೇ ನಿಮ್ಮ ವಾದಕ್ಕೆ ಎದುರಾಗಿದೆ. ನಷ್ಟ ಹೆಚ್ಚಾದರೆ ಹಿಂದಿರುಗುವ ಅಲೆ ದಾರಿಯಲ್ಲೇ ಕರಗಿ, ರೇಡಿಯೊ ಬಳಿಯ ಎಸ್‌ಡಬ್ಲ್ಯೂಆರ್ ಇಳಿಯಬೇಕು, ಇವರದು ಏರುತ್ತಿದೆ. ಆದ್ದರಿಂದ ತೊಂದರೆ ಡೈಪೋಲ್‌ನಲ್ಲೇ ಇರಬೇಕು. ಅನುರಣನ, ಅಂದರೆ ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಇರುವ ಆವರ್ತನ, ಯಾವ ಕಡೆಗೆ ಸರಿದಿದೆ ಎಂದು ತಿಳಿಸಿದರೆ ಮುಂದಿನ ಮಾತು ಸುಲಭವಾಗುತ್ತದೆ.

ಸೋಮವಾರಪೇಟೆ_40:
ಕೆಳಕ್ಕೆ. ಕನಿಷ್ಠ ಬಿಂದು ಈಗ 6.9ರ ಆಸುಪಾಸಿನಲ್ಲಿದೆ.

ವಿರಾಜಪೇಟೆ_ತರಂಗ:
ತಂತಿಗೆ ಪಿವಿಸಿ ಹೊದಿಕೆ ಇದ್ದರೆ, ಅದು ನೆನೆದಾಗ ಅನುರಣನ ಸ್ವಲ್ಪ ಕೆಳಗಿಳಿಯುವುದು ಸಹಜ. ಆದರೆ ಇಷ್ಟು ಸರಿಯುವುದಿಲ್ಲ. ನನ್ನ ಇನ್ವರ್ಟೆಡ್ ವಿ (ನಡು ಮೇಲೆ, ತುದಿಗಳು ಕೆಳಗೆ ಇಳಿದ ಡೈಪೋಲ್) 15 ಮೀಟರ್ ಎತ್ತರದ ಕಂಬದ ಮೇಲಿದೆ, ತುದಿಗಳಲ್ಲಿ ಟೆಫ್ಲಾನ್ ಸರಳುಗಳಿವೆ, 100 ವಾಟ್‌ನಲ್ಲಿ ಎಂಥ ಮಳೆಯಲ್ಲೂ ಮುಳ್ಳು ಅಲುಗಾಡುವುದಿಲ್ಲ. ಅದರ ಜೊತೆಗೆ ನಾನೇ ಸುತ್ತಿದ ಬಾಲನ್ (ಕೋಆಕ್ಸನ್ನು ಡೈಪೋಲ್‌ಗೆ ಹೊಂದಿಸುವ ಸುರುಳಿ) ಇದೆ. ಚಿತ್ರಗಳನ್ನು ಬೇರೆ ಎಳೆಯಲ್ಲಿ ಹಾಕುತ್ತೇನೆ.

ನಾಪೋಕ್ಲು_ತಂತಿ:
ಟೆಫ್ಲಾನ್ ಅತ್ಯುತ್ತಮ ವಸ್ತು, ಒಪ್ಪುತ್ತೇನೆ. ಆದರೆ ಅದು ಕರಗಿ ಹರಿಯುವುದಿಲ್ಲ, ಮನೆಯಲ್ಲಿ ಅಚ್ಚಿಗೆ ಸುರಿಯುವಂತಿಲ್ಲ. ಪ್ರಶ್ನೆ ಇರುವುದು ಎರಕದ ಬಗ್ಗೆ.

ಕುಶಾಲನಗರ_ಕೀ:
ಸೋಮವಾರಪೇಟೆಯವರೇ, ರಾಳದಲ್ಲಿ ಏನನ್ನು ಬೆರೆಸಿದಿರಿ? ಯಾವ ತಿಂಗಳಲ್ಲಿ ಹೊಯ್ದಿರಿ? ರಾಳವನ್ನು ಗಟ್ಟಿಗೊಳಿಸುವ ಹಾರ್ಡನರನ್ನು ತೂಕದಿಂದ ಅಳೆದಿರೋ, ಲೋಟದಿಂದಲೋ? ಇವಿಷ್ಟು ತಿಳಿಯದೆ ಎಪಾಕ್ಸಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುವುದಿಲ್ಲ.

ಸೋಮವಾರಪೇಟೆ_40:
ಬೇಸಿಗೆಯಲ್ಲಿ ಬರಿಯ ರಾಳದಿಂದ ಮಾಡಿದವು ತೆಳ್ಳಗಿದ್ದವು. ಗಾಳಿಗೆ ಮರ ತೂಗಿದಾಗ ತಾಳಲಾರವೆಂದು ತೆಗೆದು, ಜೂನ್ ಮೊದಲ ವಾರದಲ್ಲಿ ದಪ್ಪನೆಯ ಹೊಸವನ್ನು ಹೊಯ್ದೆ. ಗಟ್ಟಿ ಬರಲೆಂದು ಕಾಫಿ ಹೊಟ್ಟನ್ನು ನುಣ್ಣಗೆ ಪುಡಿಮಾಡಿ ಅರ್ಧದಷ್ಟು ಸೇರಿಸಿದೆ, ಬಿಸಿಲಿನಿಂದ ಕಾಪಾಡಲು ಸ್ವಲ್ಪ ದೀಪದ ಮಸಿಯನ್ನೂ ಹಾಕಿದೆ. ಅಳೆದದ್ದು ಲೋಟದಿಂದ. ಫಿಲ್ಲರ್ ಎಲ್ಲರೂ ಹಾಕುವುದೇ ಆದ್ದರಿಂದ ಬರೆದಿರಲಿಲ್ಲ.

ಕುಶಾಲನಗರ_ಕೀ:
ಹಾಗಿದ್ದರೆ ಬೇಸಿಗೆಯ 1.3 ಈ ಇನ್ಸುಲೇಟರ್‌ಗಳ ಅಳತೆಯೇ ಅಲ್ಲ, ಎರಡನ್ನೂ ಹೋಲಿಸುವಂತಿಲ್ಲ.

ಕಾಫಿ ಹೊಟ್ಟು ಸಸ್ಯದ ನಾರು. ರಾಳ ಅದರ ಪ್ರತಿ ಕಣವನ್ನೂ ಪೂರ್ತಿ ಮುಚ್ಚುವುದಿಲ್ಲ; ಹೊರಮೈಗೆ ಬಂದ ಕಣಗಳ ಮೂಲಕ ನೀರು ಒಳಕ್ಕೆ ಸಾಗುತ್ತದೆ. ಮೇಲ್ಮೈಯ ನೀರಷ್ಟೇ ಕಾರಣವಾಗಿದ್ದರೆ ಗಾಳಿಬಿಸಿಲಿಗೆ ಬೇಗ ಆರುತ್ತಿತ್ತು; ನಿಮ್ಮದು ಮರುದಿನವೂ ಇಳಿಯದಿರುವುದು ನೀರು ಒಡಲೊಳಗೆ ಕುಳಿತಿರುವ ಗುರುತು. ಡೈಪೋಲ್‌ನ ತುದಿಯಲ್ಲಿ ಪ್ರತಿರೋಧ ಸಾವಿರಾರು ಓಮ್‌ಗಳಷ್ಟಿರುವುದರಿಂದ 50 ವಾಟ್‌ಗೇ ಅಲ್ಲಿ ನೂರಾರು ವೋಲ್ಟ್ ಏಳುತ್ತದೆ, ಹೀಗಾಗಿ ನಡುವಿನ ಇನ್ಸುಲೇಟರ್ ಸಹಿಸಿಕೊಳ್ಳುವ ಸೋರಿಕೆಯನ್ನು ತುದಿಯದು ಸಹಿಸುವುದಿಲ್ಲ. ನೆನೆದ ವಸ್ತು ಅಲ್ಲಿ ನಷ್ಟವುಳ್ಳ ಕೆಪಾಸಿಟರ್ ಆಗಿ ಅನುರಣನವನ್ನು ಕೆಳಕ್ಕೆ ಎಳೆಯುತ್ತದೆ.

ಜೂನ್‌ನ ಎರಕದಲ್ಲಿ ಇನ್ನೊಂದು ತೊಡಕಿದೆ. ಅಮೈನ್ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಅಂಟು ಪದರವನ್ನು ಬಿಡುತ್ತದೆ, ಅದು ತೇವವನ್ನು ಹಿಡಿದಿಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ತಿಕ್ಕಿ ತೊಳೆದರೆ ಹೋಗುತ್ತದೆ. ಲೋಟದ ಅಳತೆ ತಪ್ಪಿ ಹಾರ್ಡನರ್ ಹೆಚ್ಚು ಕಡಿಮೆಯಾದರಂತೂ ಒಡಲೇ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಒಂದನ್ನು ಒಣಗಿಸಿ ತೂಕ ಮಾಡಿ, ಇಡೀ ದಿನ ನೀರಲ್ಲಿಟ್ಟು ಒರೆಸಿ ಮತ್ತೆ ತೂಗಿ.

ವಿರಾಜಪೇಟೆ_ತರಂಗ:
ಮೈಕ್ರೋವೇವ್ ಒಲೆಯಲ್ಲಿಟ್ಟು ಬಿಸಿಯಾಗುತ್ತದೆಯೇ ಎಂದು ನೋಡಿದರೆ ಒಂದು ನಿಮಿಷದ ಕೆಲಸ.

ನಾಪೋಕ್ಲು_ತಂತಿ:
ಆ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ನಮಗೆ ಬೇಕಿರುವುದು 7 ಮೆಗಾಹರ್ಟ್ಸ್. ಅಲ್ಲಿ ಬಿಸಿಯಾದದ್ದು ಇಲ್ಲಿ ಸಾಕಷ್ಟು ಚೆನ್ನಾಗಿಯೇ ಇರಬಹುದು. ಮಸಿ ಬೆರೆಸಿದ ತುಂಡನ್ನು ಅದರಲ್ಲಿಡುವುದೂ ಕ್ಷೇಮವಲ್ಲ.

ವಿರಾಜಪೇಟೆ_ತರಂಗ:
ನಾನು ಬಹಳ ಕಾಲದಿಂದ ಹೀಗೆಯೇ ಪರೀಕ್ಷಿಸಿಕೊಂಡು ಬಂದಿದ್ದೇನೆ, ಎಂದೂ ಮೋಸವಾಗಿಲ್ಲ. ಇನ್ನು ಮಸಿಯ ವಿಷಯ: ಕಪ್ಪು ಪಾಲಿಥೀನ್ ನೀರಿನ ಪೈಪಿನಲ್ಲೂ ಮಸಿ ಇರುತ್ತದಲ್ಲ?

ನಾಪೋಕ್ಲು_ತಂತಿ:
ಇರುತ್ತದೆ, ಸುಮಾರು ನೂರಕ್ಕೆ ಎರಡು ಪಾಲು, ಅದೂ ಕಾರ್ಖಾನೆಯಲ್ಲಿ ಸಮವಾಗಿ ಹರಡಿದ್ದು. ಕೈಯಲ್ಲಿ ಕಲಸಿದ ಮಸಿ ಗಂಟುಗಟ್ಟಿದಲ್ಲಿ ವಿದ್ಯುತ್ತಿಗೆ ದಾರಿ ತೆರೆಯುತ್ತದೆ. ಬಿಸಿಲಿನ ರಕ್ಷಣೆಗೆ ಹೊರಗೆ ಬಿಳಿಯ ಬಣ್ಣ ಬಳಿಯುವುದೇ ಲೇಸು.

ಸೋಮವಾರಪೇಟೆ_40:
ತೂಗಿ ನೋಡಿದೆ. ಒಣಗಿದಾಗ 62 ಗ್ರಾಂ, ನೀರಿನಿಂದ ತೆಗೆದು ಒರೆಸಿದ ಮೇಲೆ 66. ತರಕಾರಿ ಹೆಚ್ಚುವ ಬಿಳಿ ಪಾಲಿಥೀನ್ ಹಲಗೆಯಿಂದ ತುಂಡು ಕೊಯ್ದು ಎರಡೂ ತುದಿಗಳಿಗೆ ಕಟ್ಟಿದ್ದೇನೆ. ಸುರಿಯುವ ಮಳೆಯಲ್ಲೂ 1.5ರ ಒಳಗಿದೆ. ಆದರೂ ಎರಕವನ್ನು ಬಿಡುವ ಮನಸ್ಸಿಲ್ಲ. ಪಾಲಿಥೀನನ್ನೇ ಕರಗಿಸಿ ಹೊಯ್ಯಬಹುದೇ?

ಮಡಿಕೇರಿ_ಮಂಜು:
ಹಲಗೆ ಕಟ್ಟಿದಾಗ ಕೋಆಕ್ಸ್‌ನ ಜೋಡಣೆಯನ್ನೂ ಬಿಚ್ಚಿ ಹಾಕಿರುತ್ತೀರಿ, ಸುಧಾರಿಸಿದ್ದು ಅದರಿಂದಲೇ ಇರಬಹುದು. ತುದಿಯನ್ನು ಒಂದಿಷ್ಟು ಕತ್ತರಿಸಿ ತಾಮ್ರ ಹಸಿರುಗಟ್ಟಿದೆಯೇ ನೋಡಿ.

ಕುಶಾಲನಗರ_ಕೀ:
ಪಾಲಿಥೀನ್ 130 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಆದರೆ ನೀರಿನಂತೆ ಹರಿಯುವುದಿಲ್ಲ. ಅಚ್ಚಿನಲ್ಲಿ ಒತ್ತಿ ಹಿಡಿಯಬೇಕು, ಆರುವಾಗ ಕುಗ್ಗಿ ಒಳಗೆ ಪೊಳ್ಳು ಬೀಳುತ್ತದೆ. ಪಿವಿಸಿಯನ್ನು ಮಾತ್ರ ಎಂದಿಗೂ ಕರಗಿಸಬೇಡಿ, ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ. ನೈಲಾನ್ ತಾನೇ ನೀರು ಹೀರುವುದರಿಂದ ನಮ್ಮ ಮಳೆನಾಡಿಗೆ ಅದು ಬೇಡ. ಪಾಲಿಯೆಸ್ಟರ್ ರಾಳ ಅಗ್ಗವಾದರೂ ಗಟ್ಟಿಯಾಗುವಾಗ ಹೆಚ್ಚು ಕುಗ್ಗಿ ಬಿರುಕು ಬಿಡುವುದುಂಟು.

ನನ್ನ ಅಭಿಪ್ರಾಯದಲ್ಲಿ ಎಪಾಕ್ಸಿಯನ್ನೇ ಉಳಿಸಿಕೊಳ್ಳಿ, ಹೊಟ್ಟಿನ ಬದಲು ಒಣಗಿದ ಕ್ವಾರ್ಟ್ಸ್ ಪುಡಿ ಹಾಕಿ. ವಿದ್ಯುತ್ ಉಪಕರಣಗಳ ಎಪಾಕ್ಸಿ ಇನ್ಸುಲೇಟರ್‌ಗಳಲ್ಲೂ ಸಿಲಿಕಾ ಪುಡಿಯೇ ಇರುತ್ತದೆ. ಅಚ್ಚಿಗೆ ಪಾಲಿಪ್ರೊಪಿಲೀನ್ ಡಬ್ಬಿ ಒಳ್ಳೆಯದು, ಎಪಾಕ್ಸಿ ಅದಕ್ಕೆ ಅಂಟುವುದಿಲ್ಲ. ಆಕಾರ ಮೊಟ್ಟೆಯಂತಿರಲಿ, ರಂಧ್ರಗಳು ಒಂದಕ್ಕೊಂದು ಅಡ್ಡವಾಗಿರಲಿ. ಆಗ ಎಳೆತವೆಲ್ಲ ವಸ್ತುವನ್ನು ಒತ್ತುತ್ತದೆ, ಒಡೆದರೂ ತಂತಿ ಮತ್ತು ಹಗ್ಗ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ.

ಸೋಮವಾರಪೇಟೆ_40:
ಮಳೆಗಾಲ ಮುಗಿಯುವವರೆಗೆ ಕಾಯಲೇಬೇಕೇ, ಈಗಲೇ ಹೊಯ್ಯಲು ಉಪಾಯವಿದೆಯೇ?

ಕುಶಾಲನಗರ_ಕೀ:
ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಹಳೆಯ ಫಿಲಮೆಂಟ್ ಬಲ್ಬು ಉರಿಸಿ, ಪುಡಿಯನ್ನೂ ಅಚ್ಚನ್ನೂ ಮೊದಲೇ ಅದರಲ್ಲಿಟ್ಟು ಒಣಗಿಸಿ, ರಾಳ ಸುರಿದ ಮೇಲೆ ಅಚ್ಚನ್ನು ಅಲ್ಲಿಯೇ ಬೆಚ್ಚಗೆ ಬಿಡಿ. ಬಲ್ಬು ಅಚ್ಚಿಗೆ ತೀರ ಹತ್ತಿರ ಬೇಡ. ರಾಳವನ್ನು ತಕ್ಕಡಿಯಲ್ಲೇ ತೂಗಿ, ದಪ್ಪನೆಯದಾದರೆ ಎರಡು ಸಲಕ್ಕೆ ಸುರಿಯಿರಿ. ಒಮ್ಮೆಗೇ ಸುರಿದರೆ ತನ್ನ ಕಾವಿಗೆ ತಾನೇ ಸೀಳುತ್ತದೆ. ಹೊಸದನ್ನು ಮರಕ್ಕೇರಿಸುವ ಮೊದಲು ತೂಕದ ಪರೀಕ್ಷೆ ಮಾಡಿ, ಅಂಕಿಗಳನ್ನು ಇಲ್ಲಿಯೇ ಬರೆಯಿರಿ.