ಪೆನ್‌ಡ್ರೈವ್ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ, ಅಳಿಸಿದರೂ ಮತ್ತೆ ಬರುತ್ತಿವೆ

ನೀಲಿಪರದೆ

ವಿಂಡೋಸ್ 11 ಇರುವ ಮನೆಯ ಕಂಪ್ಯೂಟರ್, 32 ಜಿಬಿ ಪೆನ್‌ಡ್ರೈವ್. ಫೋಲ್ಡರ್‌ಗಳಿದ್ದ ಜಾಗದಲ್ಲೀಗ ಅದೇ ಹೆಸರಿನ ಶಾರ್ಟ್‌ಕಟ್‌ಗಳಿವೆ, ಒಂದೊಂದೂ 2 ಕೆಬಿ. ಡ್ರೈವ್‌ನ ಪ್ರಾಪರ್ಟೀಸ್ ನೋಡಿದರೆ 11 ಜಿಬಿ ತುಂಬಿದೆ ಅಂತಲೇ ತೋರಿಸುತ್ತದೆ. 'ಹಿಡನ್ ಐಟಮ್ಸ್' ಆನ್ ಮಾಡಿದರೂ ಏನೂ ಕಾಣುತ್ತಿಲ್ಲ. ಶಾರ್ಟ್‌ಕಟ್ ಅಳಿಸಿದರೆ ಐದಾರು ಸೆಕೆಂಡಿನಲ್ಲಿ ಮತ್ತೆ ಹಾಜರ್. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಕ್ವಿಕ್ ಸ್ಕ್ಯಾನ್ ಏನೂ ಇಲ್ಲ ಅನ್ನುತ್ತಿದೆ. ಇದರ ಜೊತೆಗೆ ಇನ್ನೆರಡು ಆಂಟಿವೈರಸ್ ಹಾಕಿದರೆ ಸರಿಹೋಗುತ್ತದೆಯೇ? ಫೈಲ್‌ಗಳು ಬೇಕೇ ಬೇಕು.

ಬೇಗಬೇಗ

ಪೆನ್‌ಡ್ರೈವ್ ಫಾರ್ಮ್ಯಾಟ್ ಹೊಡೆಯಿರಿ, ಎರಡು ನಿಮಿಷದ ಕೆಲಸ.

ಕಡತಪಾಲಕ

ಈಗಲೇ ಹೊಡೆಯಬೇಡಿ. 11 ಜಿಬಿ ಫೈಲೂ ಹೋಗುತ್ತದೆ, ರೋಗವೂ ಉಳಿಯುತ್ತದೆ. ಅಳಿಸಿದ ಶಾರ್ಟ್‌ಕಟ್ ತಾನಾಗಿ ಮರಳಿ ಬರುತ್ತಿದೆ ಎಂದರೆ ಅದನ್ನು ಬರೆಯುವ ಸ್ಕ್ರಿಪ್ಟ್ (ಆದೇಶಗಳನ್ನು ಬರೆದಿಟ್ಟ ಸಣ್ಣ ಫೈಲ್) ಕಂಪ್ಯೂಟರಿನಲ್ಲಿ ಓಡುತ್ತಿದೆ. ಹೊಸ ಪೆನ್‌ಡ್ರೈವ್ ಚುಚ್ಚಿದರೂ ಅದಕ್ಕೂ ಅಂಟಿಸುತ್ತದೆ. ಮೊದಲು ಕಂಪ್ಯೂಟರ್, ಆಮೇಲೆ ಪೆನ್‌ಡ್ರೈವ್. ಕ್ರಮ ತಪ್ಪಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಂಬಿಕೆ ಬರಬೇಕಾದರೆ ಒಂದು ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಡಬಲ್ ಕ್ಲಿಕ್ ಮಾತ್ರ ಬೇಡ. 'ಟಾರ್ಗೆಟ್' ಎಂಬ ಪೆಟ್ಟಿಗೆಯಲ್ಲಿ ಫೋಲ್ಡರ್‌ನ ದಾರಿ ಇರಬೇಕಿತ್ತು. ಅದರ ಬದಲು ಸಿಸ್ಟಮ್32 ಒಳಗಿನ, ಆದೇಶ ಓಡಿಸುವ ಸಿಎಂಡಿ.ಇಎಕ್ಸ್‌ಇ ಕಾಣುತ್ತದೆ, ಅದರ ಹಿಂದೆಯೇ ಎರಡು ಆದೇಶ: ಒಂದು ವಿಬಿಎಸ್ (ಸ್ಕ್ರಿಪ್ಟ್) ಫೈಲನ್ನು ಓಡಿಸು, ಆಮೇಲೆ ನಿಜವಾದ ಫೋಲ್ಡರನ್ನು ತೆರೆ. ಎರಡನೆಯದು ಇರುವುದರಿಂದಲೇ ಕ್ಲಿಕ್ ಮಾಡಿದವರಿಗೆ ಅನುಮಾನ ಬರುವುದಿಲ್ಲ, ಫೋಲ್ಡರ್ ಎಂದಿನಂತೆ ತೆರೆದುಕೊಳ್ಳುತ್ತದೆ. ಕೆಲವು ತಳಿಗಳು ಆ ಸಾಲಿನಲ್ಲಿ ನೂರಾರು ಖಾಲಿ ಜಾಗ ತುಂಬಿ, ನಿಜವಾದ ಆದೇಶವನ್ನು ಪೆಟ್ಟಿಗೆಯಾಚೆ ತಳ್ಳಿರುತ್ತವೆ. ಹಾಗಾಗಿ ಪೆಟ್ಟಿಗೆ ಖಾಲಿ ಕಂಡರೂ ನಿರಾಳ ಆಗಬೇಡಿ.

'ಹಿಡನ್ ಐಟಮ್ಸ್' ಯಾಕೆ ಕೆಲಸ ಮಾಡಲಿಲ್ಲ ಎಂದರೆ, ನಿಮ್ಮ ಫೋಲ್ಡರ್‌ಗಳಿಗೆ 'ಹಿಡನ್' ಮತ್ತು 'ಸಿಸ್ಟಮ್' ಎರಡೂ ಗುರುತು ಹಚ್ಚಲಾಗಿದೆ. ಎರಡೂ ಇದ್ದರೆ ವಿಂಡೋಸ್ ಅದನ್ನು ತನ್ನದೇ ಫೈಲ್ ಎಂದುಕೊಂಡು ಬೇರೆ ಪರದೆಯ ಹಿಂದೆ ಇಡುತ್ತದೆ. ಎಕ್ಸ್‌ಪ್ಲೋರರ್‌ನ ಮೂರು ಚುಕ್ಕಿ, ಆಪ್ಷನ್ಸ್, ವ್ಯೂ ಟ್ಯಾಬ್. ಅಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಟಿಕ್ ತೆಗೆಯಿರಿ, ಎಚ್ಚರಿಕೆಗೆ ಯೆಸ್ ಒತ್ತಿ. ಡೆಸ್ಕ್‌ಟಾಪ್‌ನಲ್ಲಿ ಮಸುಕಾದ ಎರಡು 'ಡೆಸ್ಕ್‌ಟಾಪ್.ಐಎನ್‌ಐ' ಕಾಣಿಸಿಕೊಳ್ಳುತ್ತವೆ. ಅವು ವೈರಸ್ ಅಲ್ಲ. ಸಿ ಡ್ರೈವ್‌ನ ಪೇಜ್‌ಫೈಲ್, ಹೈಬರ್‌ಫಿಲ್, ಪೆನ್‌ಡ್ರೈವ್‌ನ 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್' ಕೂಡ ಅಲ್ಲ. ಇವನ್ನು ಅಳಿಸಲು ಹೊರಟು ಒದ್ದಾಡುವವರೇ ಜಾಸ್ತಿ. ಕೆಲಸ ಮುಗಿದ ಮೇಲೆ ಟಿಕ್ ವಾಪಸ್ ಹಾಕಿ.

ಈಗ ಕಂಪ್ಯೂಟರ್. ಪೆನ್‌ಡ್ರೈವ್ ತೆಗೆದಿಡಿ.

1. ವಿಂಡೋಸ್ ಸೆಕ್ಯೂರಿಟಿ, 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್', 'ಮ್ಯಾನೇಜ್ ಸೆಟ್ಟಿಂಗ್ಸ್'. ಕೆಳಗೆ 'ಎಕ್ಸ್‌ಕ್ಲೂಷನ್ಸ್' (ಸ್ಕ್ಯಾನ್ ಮುಟ್ಟದೆ ಬಿಡುವ ಜಾಗಗಳ ಪಟ್ಟಿ) ಇದೆ, ಅದನ್ನೇ ಮೊದಲು ನೋಡಿ. ಅಡ್ಮಿನಿಸ್ಟ್ರೇಟರ್ ಅನುಮತಿ ಸಿಕ್ಕ ಮಾಲ್‌ವೇರ್ ತಾನಿರುವ ಫೋಲ್ಡರನ್ನೋ ಇಡೀ ಸಿ ಡ್ರೈವನ್ನೋ ಇಲ್ಲಿ ಸೇರಿಸಿಬಿಡುತ್ತದೆ. ಆಮೇಲೆ ಎಷ್ಟು ಸ್ಕ್ಯಾನ್ ಮಾಡಿದರೂ 'ಏನೂ ಇಲ್ಲ'. ನೀವು ಸೇರಿಸದ್ದು ಏನಿದ್ದರೂ ತೆಗೆಯಿರಿ, ಡಿಫೆಂಡರ್ ಸೆಟ್ಟಿಂಗ್ಸನ್ನು ಬೇರೆಯವರು ತಿರುಚದಂತೆ ಕಾಯುವ 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಇದೆಯೇ ನೋಡಿ.

2. 'ಪ್ರೊಟೆಕ್ಷನ್ ಅಪ್‌ಡೇಟ್ಸ್' ಒತ್ತಿ ಹೊಸ ಪಟ್ಟಿ ಇಳಿಸಿಕೊಳ್ಳಿ. ನಂತರ 'ಸ್ಕ್ಯಾನ್ ಆಪ್ಷನ್ಸ್' ಒಳಗೆ ಆಫ್‌ಲೈನ್ ಸ್ಕ್ಯಾನ್. ತೆರೆದ ಕೆಲಸ ಸೇವ್ ಮಾಡಿಕೊಳ್ಳಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಸುಮಾರು 15 ನಿಮಿಷ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಸ್ಕ್ರಿಪ್ಟ್‌ಗೆ ಎದ್ದು ಬಚ್ಚಿಟ್ಟುಕೊಳ್ಳುವ ಅವಕಾಶ ಇರುವುದಿಲ್ಲ. ಫಲಿತಾಂಶ 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ. ಮರಳಿ ಬಂದ ಮೇಲೆ ಒಂದು ಫುಲ್ ಸ್ಕ್ಯಾನ್.

3. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಿಂದ ತಾನಾಗಿ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ 'ಆಟೋರನ್ಸ್' ಇಳಿಸಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಆಪ್ಷನ್ಸ್‌ನಲ್ಲಿ 'ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್' ಹಾಕಿದರೆ ನೋಡಬೇಕಾದದ್ದು ಕಡಿಮೆಯಾಗುತ್ತದೆ. ಆದರೆ ಮೊದಲ ಸಲ ಹಾಕದೆಯೇ ನೋಡಿ. ಡಬ್ಲ್ಯೂಸ್ಕ್ರಿಪ್ಟ್.ಇಎಕ್ಸ್‌ಇ ಮೈಕ್ರೋಸಾಫ್ಟ್‌ನದೇ ಸಹಿ ಇರುವ ಪ್ರೋಗ್ರಾಂ, ಅದು ಓಡಿಸುವ ವಿಬಿಎಸ್ ಫೈಲ್ ಮಾತ್ರ ಕಳ್ಳನದು. 'ಲಾಗಾನ್' ಮತ್ತು 'ಶೆಡ್ಯೂಲ್ಡ್ ಟಾಸ್ಕ್ಸ್' ಎರಡು ಟ್ಯಾಬ್ ಸಾಕು. ಆಪ್‌ಡೇಟಾ ಅಥವಾ ಟೆಂಪ್ ಒಳಗಿನ ವಿಬಿಎಸ್, ಜೆಎಸ್ ಫೈಲ್ ಕಡೆಗೆ ಬೆರಳು ತೋರಿಸುವ ಸಾಲು ಸಿಕ್ಕರೆ ಅದೇ. ಡಿಲೀಟ್ ಬೇಡ, ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ತಪ್ಪಾಗಿದ್ದರೆ ಟಿಕ್ ಹಾಕಿದರಾಯಿತು.

ಇಷ್ಟಾದ ಮೇಲೆ ಪೆನ್‌ಡ್ರೈವ್ ಹಾಕಿ, ಯಾವ ಅಕ್ಷರ ಬಂದಿದೆ ನೋಡಿ. ಇ ಎಂದಿಟ್ಟುಕೊಳ್ಳೋಣ. ಕಮಾಂಡ್ ಪ್ರಾಂಪ್ಟ್‌ನಲ್ಲಿ, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ:

ಅಟ್ರಿಬ್ -ಎಚ್ -ಎಸ್ -ಆರ್ ಇ:\*.* /ಎಸ್ /ಡಿ

ಮೊದಲ ಪದ 'ಅಟ್ರಿಬ್ಯೂಟ್' ಎಂಬುದರ ಮೊದಲ ಆರು ಅಕ್ಷರ. ಉಳಿದವು ಒಂಟಿ ಅಕ್ಷರಗಳು. -ಎಚ್ (ಹಿಡನ್ ಗುರುತು ತೆಗೆ) ಒಂದನ್ನೇ ಕೊಟ್ಟರೆ ಸಿಸ್ಟಮ್ ಫೈಲ್ ಎಂದು ನಿರಾಕರಿಸುತ್ತದೆ, -ಎಸ್ (ಸಿಸ್ಟಮ್ ಗುರುತು ತೆಗೆ) ಜೊತೆಗಿರಲೇಬೇಕು. ಕೊನೆಯ /ಡಿ ಮರೆತರೆ ಫೈಲ್‌ಗಳ ಗುರುತು ಹೋಗುತ್ತದೆ, ಫೋಲ್ಡರ್‌ಗಳು ಅಡಗಿಯೇ ಇರುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಇದು ವೈರಸ್ ತೆಗೆಯುವ ಆದೇಶವಲ್ಲ ಎಂಬುದೂ ನೆನಪಿರಲಿ, ಬಚ್ಚಿಟ್ಟದ್ದನ್ನು ಹೊರಗೆ ತರುತ್ತದೆ ಅಷ್ಟೆ.

ಫೋಟೊ, ದಾಖಲೆ, ವಿಡಿಯೊ ಮಾತ್ರ ನಕಲು ಮಾಡಿಕೊಂಡು ಪೆನ್‌ಡ್ರೈವನ್ನು ರೈಟ್ ಕ್ಲಿಕ್‌ನಲ್ಲಿ ಸ್ಕ್ಯಾನ್ ಮಾಡಿ. ಆಮೇಲೆ ಬೇಗಬೇಗ ಅವರ ಮಾತಿನಂತೆ ಫಾರ್ಮ್ಯಾಟ್ ಹೊಡೆಯಿರಿ, ಆಗ ಅದು ಸರಿಯಾದ ಸಲಹೆ.

ಚುಕ್ಕಿಯಾಚೆ

ಮೇಲಿನದು ಸರಿ. ಆಂಟಿವೈರಸ್ ಬಗ್ಗೆ: ಬೇರೆ ಕಂಪನಿಯದು ಒಂದು ಹಾಕಿದರೆ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುತ್ತದೆ. ಆದರೆ ಹೊರಗಿನವು ಎರಡು ಕೂತರೆ ಪ್ರತಿ ಫೈಲ್ ತೆರೆದಾಗಲೂ ಇಬ್ಬರೂ ಅದನ್ನೇ ಹಿಡಿಯುತ್ತಾರೆ. ಕಂಪ್ಯೂಟರ್ ತೆವಳುತ್ತದೆ, ಒಬ್ಬರು ಹಿಡಿದು ಬೇರ್ಪಡಿಸಿಟ್ಟದ್ದು (ಕ್ವಾರಂಟೈನ್) ಇನ್ನೊಬ್ಬರಿಗೆ ವೈರಸ್ಸಾಗಿ ಕಾಣುತ್ತದೆ. ಎರಡನೇ ಅಭಿಪ್ರಾಯ ಬೇಕಿದ್ದರೆ 'ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್' ಇದೆ, ಇನ್‌ಸ್ಟಾಲ್ ಬೇಕಿಲ್ಲ. ಇಳಿಸಿದ 10 ದಿನಕ್ಕೆ ಅವಧಿ ಮುಗಿಯುತ್ತದೆ, ಮುಂದಿನ ಸಲಕ್ಕೆ ಹೊಸದಾಗಿ ಇಳಿಸಿ.

ನನ್ನ ತಕರಾರು ಇರುವುದು ವಿಂಡೋಸ್ ಫೈಲ್ ಹೆಸರಿನ ಬಾಲವನ್ನು (ಎಕ್ಸ್‌ಟೆನ್ಷನ್) ಮುಚ್ಚಿಡುವುದರ ಮೇಲೆ. 2000ದ ಮೇ ತಿಂಗಳಲ್ಲಿ ಹರಡಿದ 'ಐ ಲವ್ ಯು' ವೈರಸ್ ಬಂದದ್ದೇ ಟಿಎಕ್ಸ್‌ಟಿ.ವಿಬಿಎಸ್ ಎಂದು ಕೊನೆಯಾಗುವ ಫೈಲಾಗಿ. ಬಾಲ ಮುಚ್ಚಿದ್ದರಿಂದ ಜನರಿಗೆ ಕಂಡದ್ದು ಬರೀ ಟಿಎಕ್ಸ್‌ಟಿ. ಇಷ್ಟು ವರ್ಷ ಕಳೆದರೂ ಆ ಡೀಫಾಲ್ಟ್ ಬದಲಾಗಿಲ್ಲ. ವ್ಯೂ, ಶೋ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿಡಿ. ಅದರಲ್ಲೂ ಎರಡು ಕಿಂಡಿ ಉಳಿಯುತ್ತವೆ. ಶಾರ್ಟ್‌ಕಟ್‌ನ ಎಲ್‌ಎನ್‌ಕೆ ಬಾಲ ಆಗಲೂ ಕಾಣುವುದಿಲ್ಲ. ಇನ್ನೊಂದು, ಹೆಸರಿನೊಳಗೆ ಅಕ್ಷರಗಳ ದಿಕ್ಕು ತಿರುಗಿಸುವ ಯೂನಿಕೋಡ್ ಚಿಹ್ನೆ ಇಟ್ಟರೆ, ಇಎಕ್ಸ್‌ಇ ಫೈಲ್ ಕೂಡ ಜೆಪಿಜಿ ಎಂದು ಕೊನೆಯಾದಂತೆ ಕಾಣುತ್ತದೆ. ಎರಡಕ್ಕೂ ಮದ್ದು ಒಂದೇ: ಎಕ್ಸ್‌ಪ್ಲೋರರ್‌ನಲ್ಲಿ 'ಡೀಟೇಲ್ಸ್' ನೋಟ ಇಟ್ಟು 'ಟೈಪ್' ಕಾಲಂ ಓದಿ. ಅಲ್ಲಿ 'ಅಪ್ಲಿಕೇಷನ್', 'ಶಾರ್ಟ್‌ಕಟ್', 'ಸ್ಕ್ರೀನ್ ಸೇವರ್' ಎಂದಿದ್ದರೆ ಅದು ಫೋಟೊ ಅಲ್ಲ, ಐಕಾನ್ ಹೇಗೇ ಇರಲಿ.

ವಿಬಿಎಸ್, ಜೆಎಸ್ ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆಯುವಂತೆ 'ಡೀಫಾಲ್ಟ್ ಆಪ್ಸ್'ನಲ್ಲಿ ಬದಲಿಸಿ. ಕೈತಪ್ಪಿ ಡಬಲ್ ಕ್ಲಿಕ್ ಆದರೆ ಓಡುವ ಬದಲು ಅಕ್ಷರಗಳ ರಾಶಿ ಕಾಣುತ್ತದೆ. ಶಾರ್ಟ್‌ಕಟ್ ಒಂದು ಡಬ್ಲ್ಯೂಸ್ಕ್ರಿಪ್ಟ್ ಹೆಸರು ಹಿಡಿದೇ ಕರೆದರೆ ಮಾತ್ರ ಇದು ತಡೆಯುವುದಿಲ್ಲ.

ನೀಲಿಪರದೆ

ಧನ್ಯವಾದ. ಎಕ್ಸ್‌ಕ್ಲೂಷನ್ಸ್‌ನಲ್ಲಿ ಇಡೀ ಸಿ ಡ್ರೈವ್ ಇತ್ತು! ತೆಗೆದ ಮೇಲೆ ಆಫ್‌ಲೈನ್ ಸ್ಕ್ಯಾನ್ ಮೂರು ಫೈಲ್ ಹಿಡಿಯಿತು, ಶೆಡ್ಯೂಲ್ಡ್ ಟಾಸ್ಕ್ಸ್‌ನಲ್ಲೂ ಒಂದು ಸಿಕ್ಕಿತು. ಶಾರ್ಟ್‌ಕಟ್ ಈಗ ಮರಳುತ್ತಿಲ್ಲ. ಅಟ್ರಿಬ್ ಕೊಟ್ಟ ಮೇಲೆ ಕೆಲವು ಫೋಲ್ಡರ್ ಬಂದವು, ಉಳಿದವು ಇಲ್ಲ. ಅದರ ಬದಲು ಹೆಸರೇ ಇಲ್ಲದ ಒಂದು ಫೋಲ್ಡರ್ ಇದೆ. ಅಳಿಸಲೇ?

ಕಡತಪಾಲಕ

ಅಳಿಸಬೇಡಿ, ನಿಮ್ಮ ಉಳಿದ ಫೈಲ್‌ಗಳು ಅದರೊಳಗಿವೆ. ಹೆಸರಿಲ್ಲ ಅಂತಲ್ಲ, ಹೆಸರಾಗಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗದ ಅಕ್ಷರ ಇಟ್ಟಿದ್ದಾರೆ. ತೆರೆದು, ಬೇಕಾದ್ದನ್ನು ಆರಿಸಿ ಹೊರಗೆ ತನ್ನಿ. ಅಲ್ಲೇ ಇರುವ ಡಿಎಲ್‌ಎಲ್, ವಿಬಿಎಸ್, ಇಎಕ್ಸ್‌ಇ ಯಾವುದನ್ನೂ ಮುಟ್ಟಬೇಡಿ, ಫಾರ್ಮ್ಯಾಟ್‌ನಲ್ಲಿ ಹೋಗಲಿ.

ಎಕ್ಸ್‌ಕ್ಲೂಷನ್ಸ್‌ನಲ್ಲಿ ಸಿ ಡ್ರೈವ್ ಇತ್ತು ಎಂದಿರಿ. ಅಲ್ಲಿಗೆ ಆ ಮಾಲ್‌ವೇರ್‌ಗೆ ಅಡ್ಮಿನಿಸ್ಟ್ರೇಟರ್ ಹಕ್ಕು ಸಿಕ್ಕಿತ್ತು ಎಂದಾಯಿತು, ವಿಷಯ ಪೆನ್‌ಡ್ರೈವ್‌ಗೆ ಮುಗಿಯುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಕಳ್ಳರ ಕೈಗೆ ಹೋಗಿವೆ ಎಂದೇ ತಿಳಿಯಿರಿ. ಫೋನಿನಿಂದಲೋ ಬೇರೆ ಶುದ್ಧ ಕಂಪ್ಯೂಟರಿನಿಂದಲೋ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಜೊತೆಗೆ 'ಎಲ್ಲ ಸಾಧನಗಳಿಂದ ಸೈನ್ ಔಟ್' ಕೊಡಲೇಬೇಕು. ಕದ್ದ ಕುಕೀ (ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಬ್ರೌಸರ್ ಗುರುತು) ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು.

ನಾನಾಗಿದ್ದರೆ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಇಳಿಸಿ, ವಿಂಡೋಸನ್ನೇ ಹೊಸದಾಗಿ ಹಾಕುತ್ತಿದ್ದೆ. ಇನ್‌ಸ್ಟಾಲ್ ಮಾಡುವ ಯುಎಸ್‌ಬಿಯನ್ನು ಈ ಕಂಪ್ಯೂಟರಿನಲ್ಲಿ ಮಾಡಬೇಡಿ. ಕನಿಷ್ಠ 8 ಜಿಬಿಯದು ಬೇಕು. ಹೊಸದಾಗಿ ಹಾಕಿದ ಮೇಲೆ ಅಡ್ಮಿನಿಸ್ಟ್ರೇಟರ್ ಖಾತೆ ಒಂದು, ದಿನಬಳಕೆಗೆ 'ಸ್ಟ್ಯಾಂಡರ್ಡ್' ಖಾತೆ ಇನ್ನೊಂದು. ಆಗ ಎಕ್ಸ್‌ಕ್ಲೂಷನ್ಸ್ ಮುಟ್ಟಲು ಹೊರಟದ್ದು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಬೇಕಾಗುತ್ತದೆ, ನೀವು ಏನೂ ಮಾಡದೆ ಇದ್ದಾಗ ಆ ಕಿಟಕಿ ಬಂದರೆ 'ನೋ' ಒತ್ತಿ.

ಬೇಗಬೇಗ

ಬ್ಯಾಕಪ್ ಡಿಸ್ಕನ್ನು ಸದಾ ಚುಚ್ಚಿಡಬೇಡಿ ಎಂಬುದನ್ನೂ ಸೇರಿಸಿ. ರ‍್ಯಾನ್ಸಮ್‌ವೇರ್ ಬಂದರೆ ಸಿಕ್ಕಿಸಿಟ್ಟ ಡಿಸ್ಕಿಗೂ ಬೀಗ ಹಾಕಿ ಹಣ ಕೇಳುತ್ತದೆ.