ಪಿ.ಟಿ.ಯೊಳಗೆ ಕಾಳಗ: ನಿವೃತ್ತ ಸೇನಾ ತರಬೇತುದಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ರಜೆಯಲ್ಲಿರುವ ಯೋಧ, ಕುಂದಾಪುರ): ಉಸ್ತಾದರೇ, ನಮಸ್ಕಾರ. ಕಾಲಾಳುಪಡೆಯ ಸೆಕ್ಷನ್ ಕಮಾಂಡರ್ ನಾನು. ನನ್ನನ್ನೂ ಸೇರಿಸಿ ಹತ್ತು ಮಂದಿ ಇದ್ದೇವೆ. ಹುಡುಗರು ಬಿಪಿಇಟಿ (ಸೇನೆಯ ದೈಹಿಕ ಸಾಮರ್ಥ್ಯ ಪರೀಕ್ಷೆ) ಪಾಸಾಗುತ್ತಾರೆ, ಆದರೆ ಬೆಳಗಿನ ಪಿ.ಟಿ. ಎಂದರೆ ಮುಖ ಸಿಂಡರಿಸುತ್ತಾರೆ. ಜಿಮ್ ಸಲಕರಣೆಗಳಿಲ್ಲದೆ ಹೊಸತೇನು ಮಾಡಿಸಬಹುದು?

ಉತ್ತರ: ಬಿಪಿಇಟಿಯನ್ನು ಹಗುರವಾಗಿ ಕಾಣಬೇಡಿ ತಮ್ಮಾ. ಹೊರೆ ಹೊತ್ತು 5 ಕಿ.ಮೀ. ಓಟ, 60 ಮೀಟರ್ ವೇಗದ ಓಟ, ಹಗ್ಗ, 9 ಅಡಿ ಹಳ್ಳ, ಎಲ್ಲವೂ ಬೇಕಾದುದೇ. (ನೇರ ಹಗ್ಗ ಹತ್ತುವುದನ್ನು ನಾನಂತೂ ಎಂದೂ ಪ್ರೀತಿಸಲಿಲ್ಲ.) ಆದರೆ ಅಲ್ಲಿ ದೂರವೂ ಗೊತ್ತು, ಕೊನೆಯೂ ಗೊತ್ತು. ಕಾಳಗದಲ್ಲಿ ಎರಡೂ ಗೊತ್ತಿರುವುದಿಲ್ಲ. ಆದ್ದರಿಂದ ಹೊಸ ಕಸರತ್ತು ಹುಡುಕುವ ಬದಲು ಅದೇ ಓಟದೊಳಗೆ ಒಂದು ಸಮಸ್ಯೆಯನ್ನು ಇಡಿ.

ಹೊರಡುವ ಮುನ್ನ ಟಾರ್ಪಾಲಿನ ಮೇಲೆ ಹತ್ತು ವಸ್ತುಗಳನ್ನು ಹರಡಿ ಒಂದು ನಿಮಿಷ ತೋರಿಸಿ, ಮುಚ್ಚಿಬಿಡಿ. ಎಷ್ಟು ದೂರವೆಂದು ಹೇಳದೆ ಓಡಿಸಿ. ನಡುವೆ ಸೀಟಿ ಊದಿ ಒಬ್ಬನನ್ನು ಗಾಯಾಳು ಎಂದು ಘೋಷಿಸಿ. ಎರಡು ಬಿದಿರು, ಒಂದು ಕಂಬಳಿ ಇದ್ದರೆ ಸ್ಟ್ರೆಚರ್ ಆಯಿತು. ನಾಲ್ವರು ಹೊರಲಿ, ಐವರು ಸುತ್ತ ಕಾವಲು ನಿಲ್ಲಲಿ, ಸ್ಟ್ರೆಚರ್ ನೆಲಕ್ಕಿಳಿಸದೆ ಹೆಗಲು ಬದಲಾಗಲಿ. ಮುಟ್ಟಿದ ಮೇಲೆ, ಏದುಸಿರು ಇರುವಾಗಲೇ, ಕಂಡ ಹತ್ತನ್ನೂ ಪ್ರತಿಯೊಬ್ಬನೂ ಬರೆಯಲಿ. ಒಂದು ದಿನ ನೀವೇ ಗಾಯಾಳುವಾಗಿ, ಬಾಯಿ ಮುಚ್ಚಿ ಮಲಗಿ. ನಿಮ್ಮ ನಂತರ ಯಾರು ಹೇಗೆ ಆದೇಶ ಕೊಡುತ್ತಾರೆ ಎಂಬುದು ಅಂದು ತಿಳಿಯುತ್ತದೆ.

ಅಮೆರಿಕದ ಸೇನೆ 2022ರಲ್ಲಿ ಅಧಿಕೃತಗೊಳಿಸಿದ ಪರೀಕ್ಷೆಯಲ್ಲಿ 50 ಮೀಟರಿನ ಐದು ಸುತ್ತುಗಳಿದ್ದವು: ಓಟ, ಸುಮಾರು 41 ಕಿಲೋ ಎಳೆತ, ಅಡ್ಡ ಹೆಜ್ಜೆ, ಎರಡೂ ಕೈಯಲ್ಲಿ ತಲಾ 18 ಕಿಲೋ, ಮತ್ತೆ ಓಟ. ನಿಮಗೆ ಹಳೆಯ ಟೈರು, ಮರಳಿನ ಚೀಲ, 20 ಲೀಟರಿನ ನೀರಿನ ಕ್ಯಾನ್ ಸಾಕು. ವಾರಕ್ಕೆ ಎರಡು ದಿನ ಮಾತ್ರ. ಭಾರವನ್ನು ನಿಧಾನವಾಗಿ ಏರಿಸಿ, ಇಲ್ಲವಾದರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸೂಕ್ಷ್ಮ ಬಿರುಕು ಮೂಡುತ್ತದೆ.

ಪ್ರಶ್ನೆ (ದೈಹಿಕ ಶಿಕ್ಷಕಿ, ಉಡುಪಿ): ಸರ್, ನಮ್ಮ ಎನ್‌ಸಿಸಿ ಮಕ್ಕಳಿಗೆ ಇದನ್ನು ಮಲ್ಪೆಯ ಮರಳಿನಲ್ಲೋ ಆಟಿ ತಿಂಗಳ ಕೆಸರುಗದ್ದೆಯಲ್ಲೋ ಮಾಡಿಸಬಹುದೇ?

ಉತ್ತರ: ಮಾಡಿಸಿ ಮೇಡಂ, ಆದರೆ ಮಕ್ಕಳು ಮನುಷ್ಯರನ್ನು ಹೊರುವುದು ಬೇಡ. ಹತ್ತು ಕಿಲೋ ಮರಳಿನ ಚೀಲವೇ ಗಾಯಾಳು. ನೀರಿಳಿದಾಗಿನ ಗಟ್ಟಿ ಮರಳು ಓಟಕ್ಕೆ, ಒಣ ಮರಳು ಎಳೆತಕ್ಕೆ. ಮಳೆಗಾಲದಲ್ಲಿ ಸಮುದ್ರಕ್ಕೆ ಯಾರೂ ಇಳಿಯಬಾರದು.

ಕೆಸರುಗದ್ದೆಯಲ್ಲಿ ನನ್ನ ಭಯ ಇಲಿಜ್ವರದ್ದು. ಕಾಲಿನಲ್ಲಿ ಗಾಯವಿರುವ ಮಗುವನ್ನು ಗದ್ದೆಗೆ ಇಳಿಸಬೇಡಿ, ಮುಗಿದ ತಕ್ಷಣ ಸೋಪು ಹಚ್ಚಿ ತೊಳೆಸಿ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ ಬಂದರೆ ಕೆಸರಿಗಿಳಿದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಪ್ರಶ್ನೆ (ಮಂಗಳೂರು): ನೀರು ಕೊಡದೆ ಓಡಿಸಿದರೆ ದೇಹ ಗಟ್ಟಿಯಾಗುತ್ತದೆ ಎನ್ನುತ್ತಾರಲ್ಲ?

ಉತ್ತರ: ಸುಳ್ಳು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನೀರಿನ ಜೊತೆಗೆ ಉಪ್ಪು ಹಾಕಿದ ಗಂಜಿ ತಿಳಿ ಕೊಡಿ. ಯಾರಾದರೂ ತಡವರಿಸಿ ಮಾತನಾಡಿದರೆ, ದಿಕ್ಕು ತಪ್ಪಿದಂತೆ ನಡೆದರೆ, ಅಲ್ಲೇ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯುತ್ತಲೇ ಆಂಬುಲೆನ್ಸ್ ಕರೆಸಿ.

ಪ್ರಶ್ನೆ (ಕುಂದಾಪುರದ ಯೋಧ): ಅಂಕ ಹೇಗೆ ಕೊಡಲಿ ಉಸ್ತಾದರೇ?

ಉತ್ತರ: ಒಬ್ಬೊಬ್ಬನಿಗೆ ಬೇಡ. ಸ್ಟ್ರೆಚರೂ ಕೊನೆಯವನೂ ಗೆರೆ ದಾಟಿದಾಗ ಗಡಿಯಾರ ನಿಲ್ಲಿಸಿ. ಹತ್ತರಲ್ಲಿ ಯಾರಿಗೂ ನೆನಪಾಗದ ಪ್ರತಿ ವಸ್ತುವಿಗೆ ಹತ್ತು ಸೆಕೆಂಡು ಕೂಡಿಸಿ.