ತಿಂಗಳಿಗೊಂದು ರಾತ್ರಿ ಬೀಗ ತಾನಾಗಿ ತೆರೆಯುತ್ತದೆ: ತಪ್ಪು ಅಡಾಪ್ಟರಿನದೋ, ಓಎನ್‌ಯುದೋ?

ಗೋಕುಲ_ರಸ್ತೆ:

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಫೈಬರಿನ ನಮ್ಮ ತುದಿಯ ಪೆಟ್ಟಿಗೆ (ಓಎಲ್‌ಟಿ) ಒಬ್ಬ ತಯಾರಕರದು, ಗ್ರಾಹಕರ ತುದಿಯ ಪೆಟ್ಟಿಗೆ (ಓಎನ್‌ಯು) ಮತ್ತೊಬ್ಬರದು. ಯಾರದೇ ಇರಲಿ, ಇವನ್ನೆಲ್ಲ ಮೇಲಿನಿಂದ ನಿಯಂತ್ರಿಸುವ ವೋಲ್ಥಾ ಎಂಬ ಸಾಫ್ಟ್‌ವೇರಿಗೆ ಒಂದೇ ಥರ ಕಾಣಬೇಕಲ್ಲ, ಅದಕ್ಕೆ ನಡುವೆ ದುಭಾಷಿಯಾಗಿ ಕೂರುವುದೇ ಅಡಾಪ್ಟರ್. ಓಎನ್‌ಯು ಕಡೆಯದನ್ನು ನಾನೇ ಗೋ ಭಾಷೆಯಲ್ಲಿ ಬರೆದಿದ್ದೇನೆ. (ಸಿದ್ಧವಾದದ್ದು ಇರುವಾಗ ಯಾಕೆ ಬರೆದೆ ಎಂದು ಕೇಳಬೇಡಿ. ಮಾಲೀಕರ ಹಟ.)

ಗದಗ-ಬೆಟಗೇರಿಯಲ್ಲಿ 14 ಸಂಪರ್ಕಗಳ ಪ್ರಾಯೋಗಿಕ ಲೈನ್ ಇದೆ. ಹದಿಮೂರರದು ತಕರಾರಿಲ್ಲ. ಹದಿನಾಲ್ಕನೆಯದು ಒಂದು ಮುದ್ರಣಾಲಯ. ರಾತ್ರಿ ಪಾಳಿಯ ಹುಡುಗರು ಯಂತ್ರ ಬಿಟ್ಟು ವಿಡಿಯೊ ನೋಡುತ್ತಾರೆಂದು ಅಲ್ಲಿನ ಯಜಮಾನರು ಗೋಳಾಡಿದ್ದರಿಂದ ಒಂದು ಸ್ಕ್ರಿಪ್ಟ್ ಬರೆದುಕೊಟ್ಟೆ. ರಾತ್ರಿ 11ಕ್ಕೆ ಓಎನ್‌ಯುವಿನ ನಾಲ್ಕೂ ಈಥರ್‌ನೆಟ್ ಪೋರ್ಟ್‌ಗಳಿಗೆ ಬೀಗ, ಬೆಳಿಗ್ಗೆ 6ಕ್ಕೆ ಬಿಡುಗಡೆ. ಅವರ ವೈಫೈ ರೌಟರ್ ಕೂಡ ಅದೇ ಪೋರ್ಟಿನಿಂದಲೇ ಹೋಗಿದೆ.

ತಿಂಗಳಿಗೊಂದು ರಾತ್ರಿ ಬೀಗ ಬಿದ್ದ ಸ್ವಲ್ಪ ಹೊತ್ತಿಗೆ ನೆಟ್ ಮತ್ತೆ ಬರುತ್ತದೆ, ಬೆಳಗಿನವರೆಗೂ ಇರುತ್ತದೆ. ಮೂರು ಸಲ ಹೀಗಾಯಿತು, ಮೂರೂ ಸಲ ಅಮಾವಾಸ್ಯೆಯ ಆಸುಪಾಸಿನಲ್ಲಿ. ಯಜಮಾನರು ಈಗ ನಿಂಬೆಹಣ್ಣು ಕಟ್ಟುವ ಮಾತಾಡುತ್ತಿದ್ದಾರೆ, ನಾನು ಹುಡುಗರಿಂದ ದುಡ್ಡು ತಿಂದಿದ್ದೇನೆ ಎಂಬ ಅನುಮಾನವೂ ಅವರಿಗಿದೆ. ಲಾಗ್‌ನಲ್ಲಿ ಸಿಗುವುದು ಒಂದೇ ಸಾಲು: 11:15ಕ್ಕೆ ‘ಮಿಬ್ ತಾಳೆಯಾಗಲಿಲ್ಲ, ಮೊದಲಿನಿಂದ ಹೊಂದಿಸಲಾಗುತ್ತಿದೆ’. (ಮಿಬ್ ಎಂದರೆ ಓಎನ್‌ಯುವಿನ ಹೊಂದಿಕೆಗಳ ಕಡತ.) ಯಾಕೆ ತಾಳೆಯಾಗಲಿಲ್ಲ?

ಬೆಟಗೇರಿ_ಲೈನ್:

ಸರ್, ಮೊದಲು ಪವರ್ ಮೀಟರ್ ಹಿಡಿದು ಫೈಬರಿನ ಬೆಳಕಿನ ಬಲ ನೋಡಿ. ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಬಿ ಪ್ಲಸ್ ದರ್ಜೆಯ ಓಎನ್‌ಯು ನಿಲ್ಲುವುದಿಲ್ಲ. ಮುದ್ರಣಾಲಯ ಎಂದರೆ ಕಾಗದದ ಧೂಳು, ಕನೆಕ್ಟರ್ ಒರೆಸಿ ಎಷ್ಟು ದಿನವಾಯಿತು? ಪ್ಯಾಚ್ ಕಾರ್ಡನ್ನು ಮೇಜಿನ ಕಾಲಿಗೆ ಸುತ್ತಿ ಬಿಗಿದಿರುವುದನ್ನೂ ಕಂಡಿದ್ದೇನೆ. ಕರೆಂಟ್ ಹೋಗಿ ಬಂದಿದ್ದರೂ ಹೀಗಾಗಬಹುದು.

ಗೋಕುಲ_ರಸ್ತೆ:

ಅಣ್ಣ, ನೋಡಿದ್ದೇನೆ. ಮೈನಸ್ 21 ಇದೆ. ಕರೆಂಟ್ ಹೋದರೆ ಓಎನ್‌ಯು ಸಾಯುವ ಮುಂಚೆ ಕಳಿಸುವ ‘ಡೈಯಿಂಗ್ ಗ್ಯಾಸ್ಪ್’ ಬರಬೇಕಿತ್ತು, ಒಂದೂ ಬಂದಿಲ್ಲ. ಪ್ಯಾಚ್ ಕಾರ್ಡ್ ಮಾತ್ರ ನೀವು ಹೇಳಿದ ಹಾಗೆಯೇ ಇತ್ತು, ಬಿಡಿಸಿ ಬಂದೆ.

ಸಪ್ತಾಪುರ:

ತಮ್ಮಾ, ಅಮಾವಾಸ್ಯೆಯನ್ನು ಬಿಟ್ಟು ಲೆಕ್ಕ ಹಾಕು. ನಿನ್ನ ಸ್ಕ್ರಿಪ್ಟ್ ದಿನಕ್ಕೆ ಎಂಟು ‘ಸೆಟ್’ ಆದೇಶ ಕಳಿಸುತ್ತದೆ: ರಾತ್ರಿ ನಾಲ್ಕು, ಬೆಳಿಗ್ಗೆ ನಾಲ್ಕು. ಓಎನ್‌ಯುಗೆ ಆದೇಶ ಕಳಿಸುವ ಭಾಷೆಯಾದ ಓಎಮ್‌ಸಿಐನಲ್ಲಿ ಇಂಥ ಪ್ರತಿ ಆದೇಶಕ್ಕೂ ‘ಮಿಬ್ ಡೇಟಾ ಸಿಂಕ್’ ಎಂಬ ಎಣಿಕೆ ಒಂದೊಂದು ಏರುತ್ತದೆ. ಸೆಟ್, ಕ್ರಿಯೇಟ್, ಡಿಲೀಟ್‌ಗೆ ಏರುತ್ತದೆ, ಬರೀ ಓದುವ ‘ಗೆಟ್’ಗೆ ಇಲ್ಲ. ಓಎನ್‌ಯು ತನ್ನ ಲೆಕ್ಕ ಇಟ್ಟುಕೊಳ್ಳುತ್ತದೆ, ಅಡಾಪ್ಟರ್ ತನ್ನದು. ಎರಡೂ ಒಂದೇ ಇದ್ದರೆ ಇಬ್ಬರ ಕಡತವೂ ಒಂದೇ ಎಂದು ಅರ್ಥ.

ಎಣಿಕೆಗೆ ಇರುವುದು ಒಂದೇ ಬೈಟ್. 255 ಆದ ಮೇಲೆ ಏನು ಮಾಡುತ್ತೀಯ? ಗೋದಲ್ಲಿ ಎಂಟು ಬಿಟ್‌ಗಳ ಸಂಖ್ಯೆಗೆ ಒಂದು ಕೂಡಿಸಿದರೆ ಸದ್ದಿಲ್ಲದೆ 0ಗೆ ಬಂದು ನಿಲ್ಲುತ್ತದೆ. ಆದರೆ ಓಎಮ್‌ಸಿಐನ ನಿಯಮಗಳಿರುವ ಜಿ.988 ಮಾನದಂಡದ ಪ್ರಕಾರ 255ರ ನಂತರ 1. ಸೊನ್ನೆಯನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆಂದು ಮೀಸಲಿಟ್ಟಿದ್ದಾರೆ. ಓಎನ್‌ಯು 1 ಎನ್ನುತ್ತದೆ, ನೀನು 0 ಎನ್ನುತ್ತೀಯ. ಮುಂದಿನ ತಪಾಸಣೆಯಲ್ಲಿ ನಿನ್ನ ಅಡಾಪ್ಟರ್ ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುತ್ತದೆ. ಬೀಗವೂ ಹೋಯಿತು, ಎಣಿಕೆಯೂ ಮತ್ತೆ 0ಯಿಂದ ಶುರು. ಹೊಸದಾಗಿ ಹೊಂದಿಸುವಾಗ ಎಷ್ಟು ಆದೇಶ ಹೋಗುತ್ತವೆ?

ಗೋಕುಲ_ರಸ್ತೆ:

ಹದಿನಾರು. ಬೆಳಿಗ್ಗೆಯ ನಾಲ್ಕು ಸೇರಿ 20. ಆಮೇಲೆ 29 ದಿನ ಎಂಟೆಂಟು, 252. ಮೂವತ್ತನೆಯ ರಾತ್ರಿ 253, 254, 255, ನಾಲ್ಕನೆಯ ಪೋರ್ಟಿನ ಬೀಗಕ್ಕೆ ಸರಿಯಾಗಿ ಉರುಳುತ್ತದೆ!

ಅಮಾವಾಸ್ಯೆಗೆ ಕಾಯುವ ತಾಳ್ಮೆ ಇಲ್ಲದೆ ಮೇಜಿನ ಮೇಲಿನ ಓಎನ್‌ಯುಗೆ ಬೀಗ ಹಾಕಿ ತೆಗೆಯುವುದನ್ನು ಒಂದೇ ಸಮನೆ ಓಡಿಸಿದೆ. ಹೊಂದಿಸುವ ಹದಿನಾರರ ನಂತರ 240ನೆಯ ಆದೇಶಕ್ಕೆ ಅದು 1, ನಾನು 0. ಲಾಗ್‌ನಲ್ಲಿ ಆ ಎರಡು ಸಂಖ್ಯೆಗಳನ್ನು ಮುದ್ರಿಸಿದ್ದರೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು, ಅದನ್ನೂ ಮಾಡಿರಲಿಲ್ಲ. ಉಳಿದ ಹದಿಮೂರು ಮನೆಗಳಿಗೆ ಮೊದಲ ದಿನ ಹೊಂದಿಸಿದ ಮೇಲೆ ಆದೇಶಗಳೇ ಹೋಗಿಲ್ಲ, ಅಲ್ಲಿ ಎಣಿಕೆ 255ರ ಹತ್ತಿರವೂ ಸುಳಿದಿಲ್ಲ. ಬಿಬಿಸಿಮ್ ಸಿಮ್ಯುಲೇಟರಿನ ಮೇಲೆ ನಾನು ನಡೆಸಿದ ಪರೀಕ್ಷೆಗಳದೂ ಅದೇ ಕಥೆ, ಒಂದು ಓಎನ್‌ಯುಗೆ ಐವತ್ತು ಆದೇಶ ದಾಟಿದ್ದಿಲ್ಲ.

ಸಪ್ತಾಪುರ:

‘ಸೊನ್ನೆಯಾದರೆ ಒಂದು ಮಾಡು’ ಎಂಬ ಸಾಲು ಸೇರಿಸಿ ಮಲಗಿಬಿಡಬೇಡ. ನಾಳೆ ಓಎನ್‌ಯು ನಿಜವಾಗಿಯೇ ರೀಸೆಟ್ ಆದರೂ ಬೀಗ ತೆರೆದೇ ಇರುತ್ತದೆ, ಏಕೆಂದರೆ ಬೀಗದ ಸುದ್ದಿ ಗೊತ್ತಿರುವುದು ಸ್ಕ್ರಿಪ್ಟಿಗೆ ಮಾತ್ರ. ಅದನ್ನು ಅಡಾಪ್ಟರಿನ ಕಡತದಲ್ಲಿ, ಅಂದರೆ ವೋಲ್ಥಾ ಮಾಹಿತಿ ಉಳಿಸಿಡುವ ಎಟಿಸಿಡಿ ಎಂಬ ಡೇಟಾಬೇಸಿನಲ್ಲಿ ಬರೆದಿಡು. ಮರುಹೊಂದಿಕೆ ಅಲ್ಲಿಂದ ಓದಲಿ.

ಗೋಕುಲ_ರಸ್ತೆ:

ಎರಡನ್ನೂ ಮಾಡಿದೆ ಸರ್, ನಿನ್ನೆ ಗದಗಿನಲ್ಲಿ ಹಾಕಿ ಬಂದೆ. ಯಜಮಾನರಿಗೆ ಬೈಟ್, ಸೊನ್ನೆ, ಒಂದು ಎಂದು ವಿವರಿಸಲು ಹೋದೆ. ಅವರು ಪೂರ್ತಿ ಕೇಳಿ, ಓಎನ್‌ಯುವಿನ ಮೇಲಿದ್ದ ನಿಂಬೆಹಣ್ಣನ್ನು ಹಾಗೆಯೇ ಬಿಟ್ಟರು. ಹೊರಡುವಾಗ ಪಾಳಿಯ ಹುಡುಗನೊಬ್ಬ ಬಾಗಿಲ ತನಕ ಬಂದು, ‘ತಿಂಗಳಿಗೆ ಒಂದು ರಾತ್ರಿಯಾದರೂ ಇರಲಿ ಬಿಡಿ ಸರ್’ ಎಂದ.